ನರ್ಸ್ ಉನಾಯ್ಸಿಯ ಸೀಲು

ನರ್ಸ್ ಉನಾಯ್ಸಿ ನಮ್ಮೂರಿಗೆ ಬಂದಿಳಿದ ದಿನವೇ ನನ್ನ ಮನೆಯ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು. ಕದ್ದಳು ಎನ್ನುವ ಹಾಗಿಲ್ಲ. ಅವಳ ದ್ವೀಪಕ್ಕೂ ನಮ್ಮ ದ್ವೀಪಕ್ಕೂ ಮೂಲದೈವ ಒಂದೇ. ಹಾಗಾಗಿ ನಾವೂ ಅವರೂ ತೌವು. ತೌವು ಮನೆಗೆ ಬಂದು ಹಂದಿ ಬೇಕೆಂದರೆ ಹಂದಿ, ಚಾಪೆ ಬೇಕೆಂದರೆ ಚಾಪೆ ಕೊಡಲೇಬೇಕು, ಇಲ್ಲ ಎನ್ನುವಂತಿಲ್ಲ. ಬೈದರೆ ನಗಬೇಕು. ನಾನು ಇಲ್ಲಿನ ಶಾಲೆಯ ಹೆಡ್‌ಮಾಸ್ತರಾಗಿದ್ದವನು, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ನಕ್ಕೆ. ಮಾರನೆಯ ದಿನ ಹೋಗಿ ಅವಳ ಹೊಸ ಟೀ ಕೆಟಲನ್ನು ಎತ್ತಿಕೊಂಡು ಬಂದೆ. ಅವಳು ಇನ್ನೊಂದು ವಾರದಲ್ಲಿ ನಮ್ಮ ಗೋಡೆ ಗಡಿಯಾರ ಒಯ್ದಳು. ಅದು ಇವತ್ತಿಗೂ ಅವಳ ಆಸ್ಪತ್ರೆಯಲ್ಲೇ ಟಿಕ್‌ಟಿಕ್ ಅನ್ನುತ್ತಿದೆ.

ಆಸ್ಪತ್ರೆ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಎರಡು ಮಂಚ, ಬಿಸಿಲಿನಿಂದ ನಡೆಯುವ ಒಂದು ಫ್ರಿಜ್ಜು. ಡಾಕ್ಟರು ಬೇಕೆಂದರೆ ದೋಣಿ ಹತ್ತಿ ಅರ್ಧ ದಿನ ಹೋಗಬೇಕು. ಆ ಕೋಣೆಯಲ್ಲಿ ಉನಾಯ್ಸಿ ಇಪ್ಪತ್ತಾರು ವರ್ಷ ಕಳೆದಿದ್ದಾಳೆ. ಸಮುದ್ರ ಇಳಿದ ಹೊತ್ತಿನಲ್ಲಿ ಐಸ್ ಡಬ್ಬ ಹೆಗಲಿಗೆ ಹಾಕಿ, ಸೊಂಟಕ್ಕೆ ಸುತ್ತಿದ ಸುಲು ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮೂರು ಊರಿಗೆ ನಡೆದು ಹೋಗಿ ಮಕ್ಕಳಿಗೆ ಸೂಜಿ ಹಾಕಿ ಬರುತ್ತಾಳೆ. ಬಾಯಿ ಜೋರು, ಕೈ ಹಗುರ. ನಮ್ಮೂರಿನಲ್ಲಿ ನಡೆದಾಡುವ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು.

ಎಂಟು ವರ್ಷದ ಹಿಂದೆ ಚಂಡಮಾರುತ ಬಂದಾಗ ಆಸ್ಪತ್ರೆಯ ಸೂರು ಹಾರಿಹೋಯಿತು, ರಿಜಿಸ್ಟರುಗಳೆಲ್ಲ ಸಮುದ್ರದ ಪಾಲಾದವು. ಯಾವ ಮಗುವಿಗೆ ಯಾವ ಸೂಜಿ ಯಾವತ್ತು ಎಂಬ ಲೆಕ್ಕವೇ ಇಲ್ಲವಾಯಿತು. ಉನಾಯ್ಸಿ ಎದೆಗುಂದುವವಳಲ್ಲ. ಮನೆಮನೆಗೆ ಹೋಗಿ, ಅಮ್ಮಂದಿರು ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದ ಕಾರ್ಡುಗಳನ್ನು ಕೇಳಿ ತಂದಳು. ನನ್ನ ಶಾಲೆಯ ಹಾಜರಿ ಪುಸ್ತಕ ತಂದಳು. ಕಾರ್ಡು, ಹಾಜರಿ, ತನ್ನ ನೆನಪು ಮೂರೂ ತಾಳೆಯಾದರೆ ಮಾತ್ರ ಹೊಸ ರಿಜಿಸ್ಟರಿನಲ್ಲಿ ಬರೆದಳು. ತಾಳೆಯಾಗದಿದ್ದರೆ ಖಾಲಿ ಬಿಟ್ಟು, ಮಗುವನ್ನು ಕರೆಸಿ ಹೊಸದಾಗಿ ಸೂಜಿ ಹಾಕಿದಳು. ಅಂದಿನಿಂದ ರಾಜಧಾನಿ ಸುವಾದ ಡಾಕ್ಟರುಗಳು ನಮ್ಮೂರ ಕಾರ್ಡಿನ ಮೇಲೆ ಅವಳ ದುಂಡು ಸೀಲು ಕಂಡರೆ ಎರಡನೇ ಮಾತೆತ್ತುವುದಿಲ್ಲ. ವಿದೇಶಕ್ಕೆ ಹೊರಟವರೆಲ್ಲ ಮೊದಲು ಅವಳ ಬಾಗಿಲಿಗೇ ಬರುತ್ತಾರೆ.

ಹಾಗೆ ಕಳೆದ ಮಂಗಳವಾರ ಬಂದವನು ಇಸಿಕೇಲಿ. ಮೂವತ್ತೊಂದು ವರ್ಷದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ರಗ್ಬಿ ಆಡುವಾಗ ಅವನ ಎದುರು ಓಡುವ ಧೈರ್ಯ ಪಕ್ಕದ ದ್ವೀಪದವರಿಗೂ ಇಲ್ಲ. ಹೆಂಡತಿ ಲೂಸಿಯಾನಾ ಮೂರು ವರ್ಷದ ಹಿಂದೆ ಅಮೆರಿಕಕ್ಕೆ ಹೋಗಿ ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಾಳೆ. ಮಗಳು ಟೋಕಾಸಾ ಅವಳ ಜೊತೆಗಿದ್ದಾಳೆ. ಇವನ ಕಾಗದಪತ್ರವೂ ಆಗಿದೆ, ಸುವಾದಲ್ಲಿ ವೀಸಾದ ವೈದ್ಯಕೀಯ ಪರೀಕ್ಷೆಯೊಂದು ಬಾಕಿ. ಏಪ್ರಿಲಿನಲ್ಲೇ ಅದಕ್ಕೆ ಕರೆ ಬಂದಿತ್ತು. ಹೋದವನು ಡಾಕ್ಟರ ಜಗುಲಿಯಲ್ಲಿ ಕೂತು, ಒಳಗಿನಿಂದ ಒಬ್ಬ ತೋಳಿಗೆ ಹತ್ತಿ ಒತ್ತಿಕೊಂಡು ಬಂದದ್ದನ್ನು ನೋಡಿ, ಅದೇ ದೋಣಿಗೆ ಮರಳಿ ಬಂದುಬಿಟ್ಟ. ಊರವರ ಮುಂದೆ ಮಾತ್ರ, ಸುವಾದವರ ದಾಖಲೆಯೇ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ಎರಡನೇ ಕರೆ ಬಂದಿದೆ, ಬರುವ ಸೋಮವಾರ. ಈ ಸಲವೂ ತಪ್ಪಿಸಿದರೆ ಮೂರನೇ ಸಲ ನಾನು ಕೇಳುವುದಿಲ್ಲ ಎಂದು ಲೂಸಿಯಾನಾ ಫೋನಿನಲ್ಲಿ ಅತ್ತಿದ್ದಾಳೆ. ದೋಣಿ ಗುರುವಾರ.

ಅವನಿಗೆ ಸೂಜಿ ಎಂದರೆ ಆಗದು. ಇದು ಊರಿಗೆಲ್ಲ ಗೊತ್ತು. ಎರಡನೇ ತರಗತಿಯಲ್ಲಿದ್ದಾಗ ಉನಾಯ್ಸಿ ದಡಾರದ ಸೂಜಿ ಹಾಕಲು ಶಾಲೆಗೆ ಬಂದಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಹುಡುಗ ನನ್ನ ಕಾಲ ಸಂದಿಯಲ್ಲಿ ನುಸುಳಿ ಓಡಿದವನು ಸಂಜೆಯವರೆಗೆ ಮ್ಯಾಂಗ್ರೋವ್ ಕೆಸರಿನಲ್ಲಿ ಕೂತಿದ್ದ. ಆಮೇಲೂ ಅವನು ಕೈಗೆ ಸಿಗಲಿಲ್ಲ.

ಮಂಗಳವಾರ ಏನಾಯಿತೆಂದು ಉನಾಯ್ಸಿಯೇ ನನ್ನಲ್ಲಿಗೆ ಬಂದು ಹೇಳಿದಳು. ಬಂದವಳ ಮುಖದಲ್ಲಿ ನಗು ಇರಲಿಲ್ಲ.

"ಮೇಷ್ಟ್ರೇ, ನಿಮ್ಮ ಶಿಷ್ಯ ನನ್ನ ಸೀಲು ಹೊತ್ಕೊಂಡು ಹೋದ."

"ಯಾವ ಸೀಲು?"

"ಎಷ್ಟಿದಾವೆ ನನ್ನತ್ರ? ಆಸ್ಪತ್ರೆ ಸೀಲು! ಬಂದ, ಕಾಣಿಕೆ ಅಂತ ಅರೆದು ಕುಡಿಯೋ ಯಂಗೋನ ಬೇರು ಒಂದು ಕಟ್ಟು ಮುಂದಿಟ್ಟ, ಮುದುಕೀ ನನ್ನ ಕಾರ್ಡಿಗೆ ದಡಾರದ್ದು ಬರೆದುಬಿಡು ಅಂದ. ನಾನು ಹಾಕಿಲ್ವಲ್ಲೋ ಅಂದೆ. ರಿಜಿಸ್ಟರು ಮೀನಿನ ಹೊಟ್ಟೇಲಿದೆ, ಯಾರಿಗೆ ಗೊತ್ತಾಗುತ್ತೆ ಅಂತಾನೆ. ನಂಗೆ ಗೊತ್ತು, ನಿಂಗೆ ಗೊತ್ತು, ಇಬ್ರು ಸಾಕಲ್ವಾ ಅಂದೆ. ಹಂಗಾದ್ರೆ ತೌವು ತಗೊಂಡು ಹೋಗ್ತಿದ್ದಾನೆ ನೋಡ್ಕೋ ಅಂದವನೇ ಮೇಜಿನ ಮೇಲಿದ್ದ ಸೀಲು ಜೇಬಿಗೆ ಹಾಕ್ಕೊಂಡ."

"ಸರ್ಕಾರದ ಸೀಲು ಅಂತ ಹೇಳ್ಬೇಕಿತ್ತು!"

"ಹೇಳಿದೆ. ನಿನ್ನ ಮೇಜಿನ ಮೇಲಿದ್ದಿದ್ದು ನಿಂದೇ ಅಂದ, ಕೋತಿ ನನ್ಮಗ."

ನನಗೆ ರೇಗಿಹೋಯಿತು. ಊರ ಯಜಮಾನನ ಹತ್ತಿರ ಹೋಗೋಣ, ಕರೆಸಿ ಬೈಸೋಣ ಎಂದೆ.

"ತೌವು ಮೇಲೆ ದೂರು ಕೊಡೋದಾ?" ಎಂದಳು ಉನಾಯ್ಸಿ. "ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀತಾನೆ. ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ, ಅಷ್ಟು ಸಾಕು."

ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಬರುವ ವರ್ಷ ಅವಳಿಗೆ ನಿವೃತ್ತಿ. ಇಷ್ಟು ವರ್ಷದ ದುಡಿಮೆಯಲ್ಲಿ ಅವಳು ಗಳಿಸಿದ್ದು ಆ ದುಂಡು ಗುರುತಿನ ಮೇಲಿನ ನಂಬಿಕೆಯೊಂದನ್ನೇ. ಅದರಡಿಯಲ್ಲಿ ಒಂದು ಸುಳ್ಳು ಸಿಕ್ಕಿಬಿದ್ದರೆ ನಾಳೆ ಹೊರಡುವ ಬೇರೆ ಮಕ್ಕಳ ಕಾರ್ಡನ್ನೂ ಯಾರೂ ನಂಬುವುದಿಲ್ಲ. ಇತ್ತ ಇಸಿಕೇಲಿಯ ಮೇಲೂ ನನಗೆ ಮರುಕವಿತ್ತು. ಮಗಳನ್ನು ಎತ್ತಿ ಆಡಿಸದೆ ಮೂರು ವರ್ಷ ಕಳೆದ ಗಂಡಸು ಅವನು.

ಬುಧವಾರ ಬೆಳಿಗ್ಗೆ ಅವಳು ಐಸ್ ಡಬ್ಬ ನನ್ನ ಹೆಗಲಿಗೆ ಹಾಕಿದಳು. ಇಸಿಕೇಲಿಯ ಮನೆಯಲ್ಲಿ ಸೂಟ್‌ಕೇಸ್ ಆಗಲೇ ತುಂಬಿತ್ತು. ಅವನು ನಮ್ಮನ್ನು ಕೇದಗೆ ಚಾಪೆಯ ಮೇಲೆ ಕೂರಿಸಿ, ನಿಂಬೆ ಎಲೆ ಹಾಕಿದ ಚಹಾ, ಬೇಯಿಸಿದ ಮರಗೆಣಸು ತಂದಿಟ್ಟ. ಉನಾಯ್ಸಿ ಅವಸರಪಡದೆ ತಿಂದಳು. ಕೈ ಒರೆಸಿಕೊಂಡಳು.

"ಮರಗೆಣಸು ಬೇಯಿಸೋಕೂ ಬರಲ್ವಲ್ಲೋ ನಿಂಗೆ. ಲೂಸಿಯಾನಾ ಓಡಿಹೋಗಿದ್ದು ಇದಕ್ಕೇ ಇರ್ಬೇಕು."

"ಮೂರನೇದು ತಿಂದು ಆ ಮಾತು ಹೇಳ್ತಿದ್ದೀಯಲ್ಲ, ಮುದುಕಿ."

"ಸರಿ. ತೌವು ಬಂದಿದ್ದಾಳೆ, ಕೇಳ್ತಿದ್ದಾಳೆ. ನನ್ನ ಸೀಲು ಕೊಡು."

ಅವನು ನಕ್ಕು ಸೀಲು ತಂದುಕೊಟ್ಟ. ಅವನ ಕೆಲಸ ಆಗಿತ್ತಲ್ಲ.

"ನಿನ್ನ ಕಾರ್ಡೂ ಕೊಡು."

ನಗು ನಿಂತಿತು. ಚಾಪೆ ಕೆಳಗೆ ತೂರಿದವನಿಗೆ ರಂಗೋಲಿ ಕೆಳಗೆ ತೂರುವವಳು ಸಿಕ್ಕಿದ್ದಳು. ಇಲ್ಲವೆನ್ನುವ ಹಾಗಿರಲಿಲ್ಲ, ಸೂಟ್‌ಕೇಸ್ ತೆರೆದು ಕೊಟ್ಟ. ದಡಾರದ ಸಾಲಿನಲ್ಲಿ ತನ್ನ ಕೋಳಿಕಾಲು ಅಕ್ಷರದಲ್ಲಿ ಹಳೆಯ ತಾರೀಖು ಬರೆದು ಸೀಲು ಒತ್ತಿದ್ದ, ಅದೂ ತಲೆಕೆಳಗಾಗಿ. ಉನಾಯ್ಸಿ ನೋಡಿದಳು, ನಾಲ್ಕಾಗಿ ಹರಿದು ಅಂಗಿಯೊಳಗೆ ಸಿಕ್ಕಿಸಿಕೊಂಡಳು.

"ಇನ್ನೊಂದು ಬೇಕು."

"ಕೋಳಿ ತಾನೆ? ಹಿತ್ತಲಲ್ಲಿದೆ, ಹಿಡ್ಕೋ ಹೋಗು," ಎಂದ ಮುಖ ಗಂಟಿಕ್ಕಿ.

"ನಿನ್ನ ಎಡತೋಳು."

ಅವನು ಗೋಡೆಯತ್ತ ಸರಿದ. "ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳು."

"ಅದೊಂದು ಬಿಟ್ಟು ಅನ್ನೋ ಮಾತು ತೌವುನಲ್ಲಿಲ್ಲ. ನಿನ್ನೆ ನಾನು ಅಂದ್ನಾ, ಸೀಲೊಂದು ಬಿಟ್ಟು ಅಂತ? ಸೋಮವಾರ ಅಲ್ಲಿ ರಕ್ತನೂ ತೆಗೀತಾರೆ, ಅದಕ್ಕೇನು ಮಾಡ್ತೀಯ? ಅಲ್ಲಿಂದಲೂ ಓಡಿ ಬಂದು ಕೆಸರಲ್ಲಿ ಕೂತ್ಕೊಂಡ್ರೆ ಮಗಳ ಮುಖ ಯಾವಾಗ ನೋಡ್ತೀಯೋ? ಇಲ್ಲಿ ನನ್ನ ಕೈಯಲ್ಲಿ ಒಂದು ಸಲ ಹಾಕಿಸ್ಕೋ."

"ನಿನ್ನ ಕೈಯಲ್ಲಿ ಅಲ್ವಾ, ಅದೇ ನಂಗೆ ಆಗ್ದೇ ಇರೋದು!"

ಈ ಮಾತು ಅವನ ಬಾಯಿಂದ ಹಾರಿಬಂತು. ಆಮೇಲೆ ನಿಧಾನವಾಗಿ, ನೆಲ ನೋಡುತ್ತಾ ಹೇಳಿದ. "ನಮ್ಮಮ್ಮ ಮಂಚದ ಮೇಲೆ ಕೂಗ್ತಾ ಇದ್ಲು. ನೀನು ಸೂಜಿ ಚುಚ್ಚಿದೆ. ಆಮೇಲೆ ಅವಳು ಮಾತಾಡ್ಲಿಲ್ಲ. ನಾನು ಕಿಟಕೀಲಿ ನಿಂತಿದ್ದೆ."

ನನಗೆ ನಾಚಿಕೆಯಾಯಿತು. ಅವನಮ್ಮ ತೀರಿಕೊಂಡದ್ದು ಶಾಲೆಯ ಸೂಜಿಗೆ ಎರಡು ತಿಂಗಳು ಮೊದಲು. ಹೆರಿಗೆ ಕೈಕೊಟ್ಟಿತ್ತು, ಸಮುದ್ರ ಕೆರಳಿತ್ತು, ದೋಣಿ ಬಿಡುವಂತಿರಲಿಲ್ಲ. ಇದೆಲ್ಲ ನನಗೆ ಗೊತ್ತೇ ಇತ್ತು. ಆದರೂ ಇಪ್ಪತ್ತನಾಲ್ಕು ವರ್ಷ ಊರವರ ಜೊತೆ ಸೇರಿ ನಾನೂ ಅವನನ್ನು ಹೇಡಿ ಎಂದು ನಕ್ಕಿದ್ದೆ. ಒಬ್ಬ ಮೇಷ್ಟ್ರಿಗೆ ಇಷ್ಟು ಲೆಕ್ಕ ಹೊಂದಿಸಿ ನೋಡಲು ಬರಲಿಲ್ಲ.

ಉನಾಯ್ಸಿ ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. "ಹೌದು, ನಾನೇ ಚುಚ್ಚಿದ್ದು," ಎಂದಳು. "ಅವಳನ್ನ ಉಳಿಸೋ ಔಷಧಿ ನನ್ನತ್ರ ಇರ್ಲಿಲ್ಲ. ನೋವು ನಿಲ್ಲಿಸೋದೊಂದಿತ್ತು, ಅದನ್ನ ಹಾಕಿದೆ." ಐಸ್ ಡಬ್ಬವನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ತೋಳು ಕೊಡು. ಬೇಡ ಅಂದ್ರೆ ಎದ್ದು ಹೋಗ್ತೀನಿ. ಆದ್ರೆ ಸುಳ್ಳು ಬರ್ಕೊಡಲ್ಲ."

 ಹೊರಗೆ ಯಾರೋ ತೆಂಗಿನಕಾಯಿ ತುರಿಯುವ ಸದ್ದು. ಇಸಿಕೇಲಿ ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿ, ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದ. ಅದರ ನೋವು ನನಗೆ ಇವತ್ತಿಗೂ ಇದೆ.

"ಬೇಗ ಹಾಕು."

"ಹಾಕಿ ಆಯ್ತು. ಕಾಲು ಗಂಟೆ ಏಳ್ಬೇಡ, ತಲೆ ಸುತ್ತಿದ್ರೆ ಹೇಳು."

ಅವನು ಕಣ್ಣು ಬಿಟ್ಟು ತೋಳನ್ನೇ ನೋಡಿದ. ಹತ್ತಿಯ ಮೇಲೆ ಸಾಸಿವೆಯಷ್ಟು ರಕ್ತ.

"ಇಷ್ಟೇನಾ?"

"ಇಷ್ಟೇ."

ಉನಾಯ್ಸಿ ಹೊಸ ಕಾರ್ಡು ತೆಗೆದು ಅವನ ಹೆಸರು ಬರೆದಳು, ದಡಾರದ ಸಾಲಿನಲ್ಲಿ ಅಂದಿನ ತಾರೀಖು ಹಾಕಿದಳು, ಸೀಲು ನೆಟ್ಟಗೆ ಒತ್ತಿದಳು. ಉಳಿದ ಸಾಲುಗಳನ್ನು ಖಾಲಿ ಬಿಟ್ಟಳು. ಅವನ್ನು ಸುವಾದಲ್ಲಿ ಹಾಕುತ್ತಾರೆ, ಹೆದರಬೇಡ ಎಂದಳು. ಅವನ ಕಿವಿಗೆ ಅದು ಬಿದ್ದಂತಿರಲಿಲ್ಲ.

"ಅಮ್ಮನಿಗೂ ಇಷ್ಟೇನಾ ನೋವಾಗಿದ್ದು?"

"ಸೂಜಿಗಾ? ಇಷ್ಟೇ, ಮಗಾ. ಆಮೇಲೆ ಉಳಿದ ನೋವೆಲ್ಲ ನಿಂತ್ಹೋಯ್ತು. ಕೂಗೋದು ಬಿಟ್ಟು ಮಲಗಿದ್ಲು. ನಾನು ಕೈ ಹಿಡ್ಕೊಂಡಿದ್ದೆ."

"ಇಷ್ಟು ವರ್ಷ ಕೇಳ್ಬೇಕು ಅಂತಿದ್ದೆ. ತುಂಬಾ ನೋವಾಯ್ತು ಅಂದುಬಿಡ್ತೀಯೇನೋ ಅಂತ ಹೆದರಿಕೆ."

"ನೋವಾಗಿದ್ರೆ ನೋವಾಯ್ತು ಅಂತಿದ್ದೆ."

ಅವನು ಹೊಸ ಕಾರ್ಡನ್ನು ಕೈಗೆತ್ತಿಕೊಂಡು, ಒಂದೇ ಸಾಲು ತುಂಬಿದ್ದ ಆ ಹಾಳೆಯನ್ನು ನೋಡುತ್ತಾ ಕೂತ. "ನೀನು ಅಂತಿದ್ದೆ, ಗೊತ್ತು," ಎಂದ. "ಕಾಗದದ ಮೇಲೇ ಸುಳ್ಳು ಬರೀಲಿಲ್ಲ ನೀನು." ಅಷ್ಟು ಹೇಳಿ, ಬಾಗಿಲಲ್ಲಿ ತಲೆ ಬಗ್ಗಿಸಬೇಕಾದ ಆ ಆಳು ಅವಳ ಮಡಿಲಲ್ಲಿ ತಲೆಯಿಟ್ಟು ಏಳು ವರ್ಷದ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಕಾಲು ಗಂಟೆ ಮುಗಿದರೂ ಉನಾಯ್ಸಿ ಅವನನ್ನು ಏಳಿಸಲಿಲ್ಲ.