ತಿರುವದೆ ಬಿಟ್ಟ ಹ್ಯಾಂಡಲ್

ವಾರಕ್ಕೊಮ್ಮೆ ಜೀಪಿನ ಹ್ಯಾಂಡಲ್ ತಿರುವಬೇಕಿತ್ತು. ತಮ್ಮ ನನಗೆ ಒಪ್ಪಿಸಿ ಹೋದ ಕೆಲಸ ಅಷ್ಟೇ. ನಾನು ತಿರುವಲಿಲ್ಲ. ತಿರುವಿದ್ದೇನೆ ಎಂದು ಹೇಳಿದೆ.

ಮೊನ್ನೆ ಬೆಳಿಗ್ಗೆ ಕಸ ಹೊಡೆಯುವಾಗ, ಬಾಗಿಲ ಹಿಂದೆ ವರ್ಷಗಳಿಂದ ನಿಂತಿದ್ದ ಆ ಹ್ಯಾಂಡಲ್ ಜಾರಿ ನನ್ನ ಪಾದದ ಮೇಲೆ ಬಿತ್ತು. ಎತ್ತಿ ಇಟ್ಟು ಕೈ ಮೂಸಿದೆ. ತುಕ್ಕು, ಹಳೆಯ ಗ್ರೀಸು, ತುಸು ಸೀಮೆಎಣ್ಣೆ. ಸೋಪು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ನೀವು ಮಗ್ಗದ ಮನೆಯವರಾಗಿದ್ದರೆ ನಿಮಗೆ ಗೊತ್ತು, ಇಂಥ ಕೈಯಿಂದ ನೂಲು ಮುಟ್ಟುವಂತಿಲ್ಲ. ಹಾಗಾಗಿ ಆ ದಿನ ಮಗ್ಗಕ್ಕೆ ಇಳಿಯದೆ ಸುಮ್ಮನೆ ಕೂತೆ. ಸುಮ್ಮನೆ ಕೂತರೆ ಏನು ನೆನಪಾಗುತ್ತದೆ ಎಂಬ ಹೆದರಿಕೆಯಿಂದಲೇ ನಾನು ಇಷ್ಟು ವರ್ಷ ಬಿಡದೆ ನೇಯ್ದಿದ್ದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈಗಿನ ತೆಲಂಗಾಣದ ನಾರಾಯಣಪೇಟೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನೆಲ ಅಗೆದು ಕೂಡಿಸಿದ ಕುಣಿ ಮಗ್ಗ, ಹಿತ್ತಲಲ್ಲಿ ತಗಡಿನ ಷೆಡ್ಡು. ಮಗ್ಗ ನನ್ನದು, ಷೆಡ್ಡು ತಮ್ಮ ಈರಣ್ಣನದು. ಗಂಡ ತೀರಿದ ಮೇಲೆ ನಾನು ತವರಿಗೆ ಬಂದೆ. ಈರಣ್ಣ ಮದುವೆಯನ್ನೇ ಆಗಲಿಲ್ಲ. ಆ ಮಾತು ತೆಗೆದಾಗಲೆಲ್ಲ ಷೆಡ್ಡಿಗೆ ಹೋಗಿ ಏನನ್ನಾದರೂ ಜೋರಾಗಿ ಬಡಿಯುತ್ತಿದ್ದ. ಹೊಟ್ಟೆಪಾಡಿಗೆ ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದನಾದರೂ ಅವನ ಜೀವ ಇದ್ದದ್ದು ಒಂದು ಮಿಲಿಟರಿ ಜೀಪಿನಲ್ಲಿ.

ಅದು ಮಕ್ತಲ್‌ನ ಸುಬೇದಾರ್ ತಾತನ ಜೀಪು. ತಾತ ಕುರುಬರವನು. ಹುಡುಗನಾಗಿದ್ದಾಗ ಮಲ್ದಕಲ್‌ನಲ್ಲಿ ಅಪ್ಪನ ಕುರಿ ಬಿಟ್ಟು ಓಡಿಹೋಗಿ, ಫೌಜು ಸೇರಿ, ಡ್ರೈವರಾಗಿ, ಸುಬೇದಾರನಾಗಿ ಮುದುಕನಾದವನು. ದೊಡ್ಡ ಯುದ್ಧದ ಕಾಲದ ಆ ಗಾಡಿಯನ್ನು ಸರ್ಕಾರ ಹರಾಜಿಗೆ ಹಾಕಿದಾಗ ಕೊಂಡು ತಂದಿದ್ದನಂತೆ. ಸ್ಟೇರಿಂಗು ಎಡಗಡೆ. ನಾವು ನೋಡುವ ಹೊತ್ತಿಗೆ ಅದು ಅವನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕುಸಿದು ಕೂತಿತ್ತು. ಡ್ರೈವರ್ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು.

"ಒಯ್ಯಿ ಬೇಟಾ, ನೀ ರಿಪೇರಿ ಮಾಡ್ತೀನಂದ್ರ ಒಯ್ಯಿ," ಎಂದ ತಾತ. "ಆದ್ರ ಮರಿ ಹೊಂಡಲಿ. ಈಗ ಅದು ಡ್ಯೂಟಿ ಮ್ಯಾಲೈತಿ."

ಕೋಳಿಯ ಡ್ಯೂಟಿ ಮುಗಿದ ಮೇಲೆ ಜೀಪು ನಮ್ಮ ಷೆಡ್ಡಿಗೆ ಬಂತು. ಈರಣ್ಣ ಅದನ್ನು ಮೂಳೆ ಮೂಳೆಯಾಗಿ ಬಿಚ್ಚಿದ. ಸಾಮಾನಿಗಾಗಿ ರಾಯಚೂರು, ಹೈದರಾಬಾದಿನ ಗುಜರಿ ಅಂಗಡಿಗಳನ್ನೆಲ್ಲ ತಿರುಗಿದ. ಯಾರೋ ಬಳಿದ ಕೆಂಪು, ಅದರ ಕೆಳಗಿನ ನೀಲಿ, ಅದರ ಕೆಳಗಿನ ಬಿಳಿ, ಎಲ್ಲವನ್ನೂ ಬ್ಲೇಡಿನಿಂದ ಕೆರೆದು ತಳದ ಬಣ್ಣ ಹಿಡಿದ. ಹಸಿರೂ ಅಲ್ಲ, ಮಣ್ಣೂ ಅಲ್ಲ, ಅಂಥ ಬಣ್ಣ. ಒಂದು ಚಕ್ಕೆ ತಂದು ನನ್ನ ಅಂಗೈಯಲ್ಲಿಟ್ಟ. "ಅಕ್ಕಾ, ನೂಲಿಗೆ ಬಣ್ಣ ಹಾಕೂ ಕಣ್ಣು ನಿಂದು. ಇದರಾಗ ಏನೇನು ಕೂಡೈತಿ ಹೇಳು." ನಾನು ಬಿಸಿಲಿಗೆ ಹಿಡಿದು ನೋಡಿ, ಹಳದಿ ಹೆಚ್ಚು, ಕಪ್ಪು ಇದೆ, ನೀಲಿ ಇಲ್ಲವೇ ಇಲ್ಲ ಎಂದೆ. ಬಣ್ಣ ಹಾಗೆಯೇ ಕಲೆಸಿದ. ಕೂಡಿತು. ಆ ಸಂಜೆ ಅವನು ಕೇರಿಯವರಿಗೆಲ್ಲ, "ಬಣ್ಣ ನಮ್ಮಕ್ಕಂದು," ಎಂದು ಹೇಳಿಕೊಂಡು ಬಂದ. ನನಗೂ ಜಂಬ ಬಂತು, ಸುಳ್ಳೇಕೆ ಹೇಳಲಿ.

ಅವು ತೆಲಂಗಾಣ ರಾಜ್ಯ ಬೇಕೆಂದು ನಡೆದ ಬಂದ್‌ಗಳ ಕಾಲ. ಇವತ್ತು ರಸ್ತೆ ಬಂದ್, ನಾಳೆ ಬಸ್ಸು ಬಂದ್. ತಾತನ ವಯಸ್ಸು ಎಂಬತ್ತು ದಾಟಿತ್ತು. ನಮ್ಮ ಮನೆಗೆ ಬಂದಾಗಲೆಲ್ಲ ಜೀಪಿನ ಬಾನೆಟ್ಟಿನ ಮೇಲೆ ಅಂಗೈ ಊರಿ ಅದೇ ಮಾತು. "ಹುಟ್ಟಿದ್ದು ನಿಜಾಮನ ರಾಜ್ಯದಾಗ. ದುಡಿದದ್ದು ದಿಲ್ಲಿಗೆ. ಮುದುಕಾಗಿದ್ದು ಆಂಧ್ರದಾಗ. ತೆಲಂಗಾಣ ಬಂದ ದಿನ ಈ ಗಾಡ್ಯಾಗ ಜೂರಾಲ ಡ್ಯಾಮು ದಾಟಿ, ಗದ್ವಾಲ ಕ್ವಾಟಿ ಮುಂದಾಸಿ ಮಲ್ದಕಲ್‌ಗೆ ಹೋಗಬೇಕು ನೋಡವಾ. ಊರು ಬಿಡೂವಾಗ ಕಳ್ಳನಂಗ ನಡಕೋತ ಬಂದಿದ್ದೆ."

ಈರಣ್ಣ ಅವನ ಕೈ ಹಿಡಿದು ಮಾತು ಕೊಟ್ಟ.

ಎಂಜಿನ್ನು ಕೂಡಿಸಿ ಮುಗಿಸಿದ ವರ್ಷ ಈರಣ್ಣನಿಗೆ ಗದ್ವಾಲ ಕಡೆಯ ಶಾಂತಿನಗರದ ಹತ್ತಿ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ನನ್ನನ್ನು ಷೆಡ್ಡಿಗೆ ಕರೆದ. "ಪ್ಲಗ್ ಬಿಚ್ಚಿ ಅರಿವಿ ತುರುಕೀನಿ. ವಾರಕ್ಕೊಮ್ಮಿ ಈ ತೂತಿನಾಗ ಒಂದೊಂದು ಚಮಚಾ ಎಣ್ಣಿ ಬಿಟ್ಟು, ಮುಂದ ಹ್ಯಾಂಡಲ್ ಹಾಕಿ ಸಾವಕಾಶ ತಿರುವು. ಅಷ್ಟಾ."

"ತಿರುವಲಿಲ್ಲಂದ್ರ?"

"ಒಳಗ ಪಿಸ್ಟನ್ ಹಿಡೀತೈತಿ. ಆಮ್ಯಾಲ ತಾತನ್ನ ನೀನಾ ಹೊತ್ಕೊಂಡು ಹೋಗಬೇಕು, ಮಲ್ದಕಲ್ ತನಕ!"

ಇಬ್ಬರೂ ನಕ್ಕೆವು.

ಮೊದಲ ಕೆಲವು ವಾರ ತಿರುವಿದೆ. ಪಕ್ಕದ ಮನೆಯ ಕಾಶಮ್ಮ ಗೋಡೆಯ ಮೇಲಿಂದ ಇಣುಕಿ, "ಏನವಾ, ತಮ್ಮಗ ಹೆಣ್ಣು ನೋಡೂದು ಬಿಟ್ಟು ಜೀಪಿಗೆ ಚಾವಿ ಕೊಡಾಕತ್ತಿ?" ಎಂದಳು. ನಾಚಿಕೆಯಾಯಿತು. ಇನ್ನೊಂದು ದಿನ ಕೈ ಸರಿಯಾಗಿ ತೊಳೆಯದೆ ಮಗ್ಗಕ್ಕೆ ಇಳಿದೆ. ಮಗ್ಗಕ್ಕೆ ಬಿಗಿದ ಕೆನೆ ಬಣ್ಣದ ಹಾಸಿನ ಎಳೆಗಳ ಮೇಲೆ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು. ನೂಲು ಕೊಟ್ಟು ನೇಯಿಸುವ ಸಾಹುಕಾರ ಸೀರೆ ತಿರುಗಿಸಿ ಕಳಿಸಿದ. ಅಲ್ಲಿಗೆ ನಾನು ಷೆಡ್ಡಿನ ಕಡೆ ಹೋಗುವುದನ್ನು ಬಿಟ್ಟೆ.

ಆಗ ನನಗೆ ನಾನೇ ಹೇಳಿಕೊಂಡ ನೆಪ ಈಗಲೂ ನೆನಪಿದೆ. ಮನೆಯಲ್ಲಿ ಸಾವಾದರೆ, ಕಾಯಿಲೆಯಾದರೆ ನಾವು ಮಗ್ಗ ನಿಲ್ಲಿಸುತ್ತೇವೆ. ಹಾಸು ಹಾಗೆಯೇ ಕಾಯುತ್ತದೆ. ತಿಂಗಳ ಮೇಲೆ ಬಂದು ಧೂಳು ಕೊಡವಿ ಲಾಳಿ ಎಸೆದರೆ, ಬಿಟ್ಟ ಎಳೆಯಿಂದಲೇ ನೇಯ್ಗೆ ಮುಂದುವರಿಯುತ್ತದೆ. ರೇಷ್ಮೆ ಎಳೆಯೇ ಇಷ್ಟು ಕಾಯುವಾಗ ಅಷ್ಟು ದಪ್ಪ ಕಬ್ಬಿಣ ಕಾಯುವುದಿಲ್ಲವೇ ಎಂದುಕೊಂಡೆ. ನೇಯುವವಳ ಬುದ್ಧಿ. ಕಬ್ಬಿಣ ಕಾಯುವುದಿಲ್ಲ ಎಂದು ನಮ್ಮ ಕಸುಬಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮ ಹೇಳಿಕೊಟ್ಟಿದ್ದ.

ಅವನ ಫೋನು ಬರುತ್ತಿತ್ತು. ಮೊದಲ ಮಾತೇ, "ಅಕ್ಕಾ, ತಿರುವಿದಿ?"

"ಹೂಂ, ತಿರುವೀನಿ."

ಕುಣಿಯಲ್ಲಿ ಕೂತು ಕೂತು ನನ್ನ ಮೊಣಕಾಲು ಬಾತಿದ್ದವು. ಅವನ್ನು ಕೇಳುವವರಿಲ್ಲ, ಜೀಪಿನ ಆರೋಗ್ಯ ವಿಚಾರಿಸುತ್ತಾನೆ ಎಂಬ ಸಿಟ್ಟೂ ಒಳಗೆ ಇತ್ತು. ಸುಳ್ಳು ಸಲೀಸಾಗಿ ಬಂತು. ನಡುವೆ ಒಂದು ಅಕಾಲ ಮಳೆ ಹೊಡೆದು ಷೆಡ್ಡಿನ ತಗಡು ಸೋರಿತು. ಎಂಜಿನ್ನಿನ ತೂತುಗಳಿಗೆ ತುರುಕಿದ್ದ ಅರಿವೆ ತೊಯ್ದದ್ದನ್ನು ಕಣ್ಣಾರೆ ಕಂಡೆ. ಆರುತ್ತದೆ ಬಿಡು ಎಂದುಕೊಂಡೆ.

ತೆಲಂಗಾಣ ಬರುವ ದಿನ ಗೊತ್ತಾಯಿತು. ಈರಣ್ಣ ಬರುತ್ತಾನೆಂದು ತಿಳಿದಾಗ ಹೆದರಿ ಷೆಡ್ಡಿಗೆ ಓಡಿದೆ. ಹ್ಯಾಂಡಲ್ ಹಾಕಿ ಒತ್ತಿದೆ. ಅಲ್ಲಾಡಲಿಲ್ಲ. ಅದರ ಮೇಲೆ ಕಾಲಿಟ್ಟೆ, ಆಡಿನಂತೆ ಜೋತುಬಿದ್ದೆ. ಕಲ್ಲಿನ ಕಂಬ.

ಹಿಂದಿನ ದಿನ ಮಧ್ಯಾಹ್ನ ಈರಣ್ಣ ಬಂದ. ಮಿಲ್ಲಿನ ಬೆಲ್ಟಿಗೆ ಸಿಕ್ಕು ಬಲಗೈಗೆ ಪೆಟ್ಟಾಗಿ ಕಟ್ಟು ಹಾಕಿಸಿಕೊಂಡಿದ್ದ. ಎಡಗೈಯಲ್ಲೇ ಪ್ಲಗ್ ಕೂಡಿಸಿದ, ಪೆಟ್ರೋಲು ಹಾಕಿದ, ಬ್ಯಾಟರಿ ಬಿಗಿದ. ನಾನು ನಟ್ಟು ಬಿಗಿಯುವ ಪಾನಾ ಎತ್ತಿಕೊಡುತ್ತ ನಿಂತಿದ್ದೆ. ಮರುದಿನ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಕಟ್ ಎಂದು ಒಂದು ಸದ್ದು ಬಂತು, ಅಷ್ಟೇ. ಅವನು ಬ್ಯಾಟರಿಯನ್ನು ಬೈದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾ, ಹ್ಯಾಂಡಲ್‌ಗೆ ಸಲೀಸ್ ತಿರುಗತೈತಲ್ಲ? ನನ್ನ ಕೈ ಹಿಂಗೈತಿ, ಇಲ್ಲಾಂದ್ರ ನಾನಾ ನೋಡ್ತಿದ್ದೆ."

ಆ ಹೊತ್ತಿಗಾದರೂ ಇಲ್ಲ ಎನ್ನಬಹುದಿತ್ತು. ಒಳಗೆ ಹಿಡಿದ ಎಂಜಿನ್ನಿಗೆ ಸೀಮೆಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಸಿ, ಮೆಲ್ಲಗೆ ಬಿಡಿಸುವುದು ಅವನಿಗೆ ಗೊತ್ತಿತ್ತು. ಆ ದಿನ ತಪ್ಪುತ್ತಿತ್ತು, ಜೀಪು ಉಳಿಯುತ್ತಿತ್ತು. ಓಣಿಯಲ್ಲಿ ಜನ ಸೇರಿದ್ದರು. ತೆಲಂಗಾಣ ಬಂದ ಖುಷಿಗೆ ಗುಲಾಬಿ ಬಣ್ಣ ಎರಚುತ್ತಿದ್ದರು. ಕಾಶಮ್ಮ ಗೋಡೆಯ ಮೇಲಿದ್ದಳು.

"ತಿರುಗತೈತಿ," ಎಂದೆ.

ಹಾಗಾದರೆ ಎಳೆದು ಚಾಲೂ ಮಾಡೋಣ ಎಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದರು. ಈರಣ್ಣ ಸೀಟಿನಲ್ಲಿ ಕೂತು ಕಟ್ಟು ಹಾಕಿದ ಕೈಯಿಂದಲೇ ಗೇರು ಹಾಕಿದ. ಜೀಪು ವೇಗ ಹಿಡಿಯಿತು, ಕ್ಲಚ್ ಬಿಟ್ಟ. ಹಿಂದಿನ ಚಕ್ರಗಳು ತಿರುಗದೆ ಮಣ್ಣು ಕೆರೆದವು. ಒಳಗಿನಿಂದ ಬಂಡೆ ಒಡೆದಂಥ ಸದ್ದು ಬಂತು. ಪಿಸ್ಟನ್ನಿನ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ತೂತು ಮಾಡಿ ಹೊರಬಂದಿತ್ತು. ಕಪ್ಪು ಎಣ್ಣೆ ಗುಲಾಬಿ ಪುಡಿಯ ಮೇಲೆ ಹರಿಯಿತು.

ತಾತ ಮಕ್ತಲ್‌ನಲ್ಲಿ ಕೋಟು ತೊಟ್ಟು, ಪದಕ ಚುಚ್ಚಿಕೊಂಡು, ಬೆಳಗಿನಿಂದ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದನಂತೆ. ಈರಣ್ಣ ಬಸ್ಸಿನಲ್ಲಿ ಹೋಗಿ ಹೇಳಿದ. ಬೇರೆ ಕಾರು ತರುತ್ತೇನೆ ಎಂದರೂ ಮುದುಕ ಒಪ್ಪಲಿಲ್ಲ. "ಯಾವ ರಾಡು ಬೇಟಾ?" ಎಂದು ಮಾತ್ರ ಕೇಳಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡನಂತೆ. ಆ ಚಳಿಗಾಲ ದಾಟಲಿಲ್ಲ ಅವನು. ಮಲ್ದಕಲ್‌ಗೆ ಹೋಗಲೂ ಇಲ್ಲ.

ಬೇರೆ ಎಂಜಿನ್ನು ಹಾಕು ಎಂದು ಎಲ್ಲರೂ ಹೇಳಿದರು. ಈರಣ್ಣ ಬಾನೆಟ್ಟನ್ನೇ ಎತ್ತಲಿಲ್ಲ. "ಪಿಸ್ಟನ್ ರಿಂಗ್ ನಾನಾ ತಪ್ಪು ಕೂಡಿಸಿದ್ನೆಕ್ಕಾ. ಬಿಗಿ ಹೆಚ್ಚಾಗೈತಿ. ನನ್ನ ಕೈ ಸರಿ ಇಲ್ಲ," ಎಂದ. ಬಿಚ್ಚಿದ್ದರೆ ಒಳಗಿನ ತುಕ್ಕು ಅವನ ಕಣ್ಣಿಗೆ ಬೀಳುತ್ತಿತ್ತು. ಅವನು ಬಿಚ್ಚದಿದ್ದದ್ದು ನನಗೆ ಸಮಾಧಾನವಾಯಿತು. ಇದನ್ನು ಬರೆಯುವಾಗ ಕೈ ಒಲ್ಲೆ ಎನ್ನುತ್ತದೆ, ಆದರೂ ನಿಜ: ಸಮಾಧಾನವಾಯಿತು.

ಅವನು ಪಂಪ್‌ಸೆಟ್ಟುಗಳನ್ನೂ ಒಲ್ಲೆ ಎಂದು ತಿರುಗಿ ಕಳಿಸತೊಡಗಿದ. ಒಮ್ಮೆ ಬಿಗಿದ ನಟ್ಟನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದ. ಆಮೇಲೆ ಪಾನಾ ಮುಟ್ಟುವುದನ್ನೇ ಬಿಟ್ಟ. ಈಗ ಪೆಟ್ರೋಲ್ ಬಂಕಿನ ಕಾವಲುಗಾರ. ನಮ್ಮ ಪೇಟೆ ಜಿಲ್ಲೆಯಾಯಿತು, ಗದ್ವಾಲ ಜಿಲ್ಲೆಯಾಯಿತು. ನಮ್ಮ ಷೆಡ್ಡಿನ ಬಾಗಿಲು ಮಾತ್ರ ತೆರೆಯಲಿಲ್ಲ. ಜೀಪಿಗೆ ಒಂದು ಎಂಜಿನ್ನು ಹೋಯಿತು. ತಮ್ಮನಿಗೆ ಅವನ ಎರಡು ಕೈ ಹೋದವು. ಕಸಿದವಳು ಅದೇ ಮನೆಯಲ್ಲಿ ಅವನಿಗೆ ರೊಟ್ಟಿ ಬಡಿದು ಹಾಕುತ್ತ ಬಂದಳು.

ಮೊನ್ನೆ ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಕೂತು ಬಂಕಿನ ಖಾಕಿ ಅಂಗಿಗೆ ಗುಂಡಿ ಹಚ್ಚುತ್ತಿದ್ದ. ಹಚ್ಚಿದ ಗುಂಡಿಯನ್ನೇ ಕಿತ್ತು ಮತ್ತೆ ಹಚ್ಚುತ್ತಿದ್ದ. ನಾನು ಬಾಗಿಲ ಹಿಂದಿನ ಹ್ಯಾಂಡಲ್ ತಂದು ಅವನ ಮುಂದಿಟ್ಟೆ.

"ಇದ್ಯಾಕ ತಂದಿ? ಗುಜರಿಯವ ಬಂದಾನೇನು?"

"ಇಲ್ಲ."

ಅವನು ತಲೆಯೆತ್ತಿ ನೋಡಿದ.

"ರಿಂಗ್ ಸರಿ ಇದ್ದುವೋ ಈರಣ್ಣ. ನಿನ್ನ ಕೈ ಸರಿ ಇತ್ತು. ನಾ ತಿರುವಿದ್ದಿಲ್ಲ. ಆ ದಿನ ತಿರುಗೂದಿಲ್ಲಂತ ಗೊತ್ತಿದ್ದೂ ತಿರುಗತೈತಿ ಅಂದೆ. ತಪ್ಪಾತೋ ನನ್ನಪ್ಪಾ, ನಂದು ತಪ್ಪಾತು."