ಅರವತ್ತೆರಡು ವರ್ಷದ ಉಪವಾಸ

ಟೆಕ್ಸಸ್‌ನಲ್ಲಿ ಮೂವತ್ತು ವರ್ಷ ಸಸ್ಯಾಹಾರಿಯಾಗಿ ಉಳಿದವನಿಗೆ ಜಗತ್ತಿನ ಬೇರೆ ಯಾವ ಊರೂ ಲೆಕ್ಕಕ್ಕಿಲ್ಲ ಎಂಬ ದುರಭಿಮಾನ ನನಗಿತ್ತು. ಮೊದಲು ಹ್ಯೂಸ್ಟನ್ನಿನಲ್ಲಿ, ಆಮೇಲೆ ರೌಂಡ್ ರಾಕ್‌ನಲ್ಲಿ, ಆಫೀಸಿನವರು ದನದ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಹೋಟೆಲುಗಳಿಗೆ ಎಳೆದೊಯ್ದಾಗಲೆಲ್ಲ ಹೆಚ್ಚಿದ ಎಲೆಕೋಸು ಮತ್ತು ಬಿಳಿ ಬ್ರೆಡ್ಡಿನ ಮುಂದೆ ಕೂತು, "ಬೀನ್ಸ್ ತಿನ್ನಬಹುದಲ್ಲ" ಎಂದವರಿಗೆ ಬೀನ್ಸಿನಲ್ಲೂ ಹಂದಿಯ ಕೊಬ್ಬು ಅಡಗಿದೆಯೆಂದು ವಿನಯದಿಂದ ತಿಳಿಸಿ, ಕುಲದ ಮರ್ಯಾದೆ ಕಾಪಾಡಿದ್ದೆ. ನಿವೃತ್ತನಾಗಿ ಲೂಯಿಸ್‌ವಿಲ್ಲಿಗೆ ಬಂದ ಮೇಲೆ, ಅಡಿಸ್ ಅಬಾಬಾದ ಒಂದು ಕಾಲೇಜಿನಲ್ಲಿ ಮೂರು ತಿಂಗಳು ಕಂಪ್ಯೂಟರ್ ಪಾಠ ಹೇಳುವ ಅವಕಾಶ ಒದಗಿತು. ಹೆಂಡತಿಗೆ ಮಂಡಿನೋವು, ಬರಲಿಲ್ಲ. "ಒಬ್ರೇ ಹೋಗಿ ಅದೇನ್ ಸಂಸಾರ ಮಾಡ್ತೀರೋ ನಾನೂ ನೋಡ್ತೀನಿ" ಎಂದು ಹರಸಿ ವಿಮಾನ ಹತ್ತಿಸಿದಳು.

ಮೊದಲ ವಾರ ನಾನು ಯಾವ ಸಂಸಾರವನ್ನೂ ಮಾಡಲಿಲ್ಲ. ಹಾಲು ತರುವುದಕ್ಕೂ ಕಾರು ಹತ್ತುವ ನಾಡಿನಿಂದ ಬಂದವನಿಗೆ ರಸ್ತೆ ದಾಟುವ ವಿದ್ಯೆಯೇ ಮರೆತುಹೋಗಿತ್ತು. ಬೆಟ್ಟದ ಮೇಲಿನ ಊರು; ಇಪ್ಪತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಂತು, ಕಟ್ಟಡಗಳ ಸೊಬಗು ನೋಡುವವನಂತೆ ನಟಿಸಿ ಉಸಿರು ಹಿಂಪಡೆಯಬೇಕು. ನೀಲಿ ಬಣ್ಣದ ವ್ಯಾನುಗಳ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ನಾನು ಎಲ್ಲರಿಗೂ ತಲೆಯಾಡಿಸಿ ಯಾವುದನ್ನೂ ಹತ್ತುತ್ತಿರಲಿಲ್ಲ. ಕೊನೆಗೆ ನಾನು ಬಾಡಿಗೆಗಿದ್ದ ಮನೆಯ ಒಡತಿ ದಿನವೂ ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿ ಕಾಲೇಜಿನ ವ್ಯಾನಿಗೆ ಹತ್ತಿಸತೊಡಗಿದರು. ನಿವೃತ್ತ ನರ್ಸ್ ಆದ ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಮನೆಯಲ್ಲಿ ಅವರು ಮತ್ತು ಅವರ ವೃದ್ಧ ತಾಯಿ, ಇಬ್ಬರೇ. ನನ್ನನ್ನು "ಗಾಶೆ" ಎನ್ನುತ್ತಿದ್ದರು. ಅಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ. ಆ ಊರಿನಲ್ಲಿ ನನಗೆ ಗೊತ್ತಿದ್ದ ಬಾಗಿಲು ಅದೊಂದೇ.

ತಪ್ಪು ನಡೆದದ್ದು ಮೊದಲ ದಿನದ ಊಟದಲ್ಲೇ. ಮಾಂಸ ಬೇಡವೆಂದೆ. "ಉಪವಾಸವೇ?" ಎಂದು ಆಕೆ ಕಣ್ಣರಳಿಸಿ ಕೇಳಿದರು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಕಾಲವದು; ಸುಮಾರು ಎಂಟು ವಾರ ಅವರು ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ಬೆಣ್ಣೆಯನ್ನೂ ಮುಟ್ಟುವುದಿಲ್ಲ. ನಮ್ಮ ಮನೆತನ, ಮಡಿ, ಮೈಸೂರು ಇವನ್ನೆಲ್ಲ ವಿವರಿಸಿ ಹೇಳುವುದು ಮೂವತ್ತು ವರ್ಷದಲ್ಲಿ ನನಗೆ ಸಾಕಾಗಿತ್ತು. ಟೆಕ್ಸಸ್‌ನಲ್ಲಿ ಎಷ್ಟೋ ಸಲ ಅಲರ್ಜಿ ಎಂದು ಹೇಳಿ ಪಾರಾದವನು ನಾನು. ಇಲ್ಲಿ "ಹೌದು, ಉಪವಾಸ" ಎಂದುಬಿಟ್ಟೆ.

ಫಲ ತಕ್ಷಣ ದೊರೆಯಿತು. ಹುಳಿಬಂದ ದೋಸೆಯ ದೊಡ್ಡಣ್ಣನಂತಿರುವ ಇಂಜೆರಾ, ಅದರ ಮೇಲೆ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪು, ಬೀಟ್‌ರೂಟು. ಎರಡು ಹೊತ್ತೂ ಗಂಟಲುಮಟ್ಟ ಉಪವಾಸ ಮಾಡಿದೆ. ವಿದೇಶಿಯೊಬ್ಬ ತಮ್ಮೊಡನೆ ವ್ರತ ಹಿಡಿದಿದ್ದಾನೆಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಅದುವರೆಗೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅಜ್ಜಿ, ಅಂದರೆ ಒಡತಿಯ ತಾಯಿ, ಕೈಯೆತ್ತಿ ಆಶೀರ್ವದಿಸತೊಡಗಿದರು. ಆದರೆ ಕೀರ್ತಿಗೆ ತಕ್ಕಂತೆ ಬಾಳಬೇಕಲ್ಲ? ಕಾಫಿಗೆ ಹಾಲು ಬಿಟ್ಟೆ. ಮೊಸರು ಬಿಟ್ಟೆ.

ಹೆಂಡತಿಗೆ ಫೋನಿನಲ್ಲಿ ಅನುಮಾನ ಬಂತು.

"ಅಲ್ಲಿ ಮೊಸರು ಸಿಗಲ್ವೇನ್ರೀ?"

"ಸಿಗತ್ತೆ. ಇವರದು ಉಪವಾಸ."

"ಅವರದು ಉಪವಾಸ ಆದ್ರೆ ನಿಮಗೇನ್ ಬಂತು?"

"ನಂದೂ ಉಪವಾಸ ಅಂತ ತಿಳ್ಕೊಂಡಿದಾರೆ."

"ಯಾರ್ ಹೇಳಿದ್ದು?"

"ನಾನೇ."

"ಏಕಾದಶಿ ದಿನ ಎರಡು ಸಲ ಉಪ್ಪಿಟ್ಟು ತಿನ್ನೋ ಮನುಷ್ಯ! ನಿಜ ಹೇಳಿಬಿಡಿ ಅವರಿಗೆ, ಆಮೇಲೆ ಫಜೀತಿ ಆಗತ್ತೆ."

ನಾಳೆ ಹೇಳೋಣ ಎಂದುಕೊಂಡು ನಲವತ್ತು ದಿನ ಕಳೆದೆ.

ಈಸ್ಟರ್ ಹತ್ತಿರವಾದಂತೆ ಕುರಿಗಳು ಜನರ ಹೆಗಲ ಮೇಲೂ ವ್ಯಾನುಗಳ ತಲೆಯ ಮೇಲೂ ಪ್ರಯಾಣ ಮಾಡತೊಡಗಿದವು. ಕೋಳಿಗಳು ತಲೆಕೆಳಗಾಗಿ ಮನೆಮನೆಗೆ ಬಂದವು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಡತಿ ಬಿಳಿ ಬಟ್ಟೆಯುಟ್ಟು ಬಂದು ಕರೆದರು. ನೆಲಕ್ಕೆ ಹಸಿರು ಹುಲ್ಲು ಹಾಸಿತ್ತು. ನಡುವೆ ದೊಡ್ಡ ತಟ್ಟೆ. ಅದರಲ್ಲಿ ಕೆಂಪಗೆ ಹೊಳೆಯುವ ಕೋಳಿಸಾರು. ಅಜ್ಜಿ, ಪಕ್ಕದ ಮನೆಯ ಮೂವರು ಹೆಂಗಸರು, ನಾನು.

ಅವರಲ್ಲೊಂದು ಪದ್ಧತಿಯಿದೆ, ಗುರ್ಶಾ ಎನ್ನುತ್ತಾರೆ. ಇಂಜೆರಾ ಹರಿದು, ಸಾರಿನಲ್ಲಿ ಅದ್ದಿ, ಉಂಡೆ ಕಟ್ಟಿ, ಪ್ರೀತಿಪಾತ್ರರ ಬಾಯಿಗೆ ತಮ್ಮ ಕೈಯಾರೆ ಇಡುವುದು. ಬೇಡವೆಂದರೆ ತುತ್ತನ್ನಲ್ಲ, ಕೊಟ್ಟವರನ್ನೇ ಬೇಡವೆಂದಂತೆ. ಹಬ್ಬದ ಮೊದಲ ಗುರ್ಶಾ ಆ ಮನೆಯಲ್ಲಿ ಅಜ್ಜಿಗೆ ಸಲ್ಲುತ್ತಿತ್ತಂತೆ. ಈ ವರ್ಷ ಅಜ್ಜಿಯೇ ಅದನ್ನು ನನಗೆ ಬಿಟ್ಟುಕೊಟ್ಟಿದ್ದರು.

ಒಡತಿ ಕಟ್ಟಿದ ತುತ್ತು ನನ್ನ ಮೂಗಿನ ಮುಂದೆ ಬಂದು ನಿಂತಿತು. ಬಾಯಿ ಬಿಗಿಯಿತು.

"ನಾನು ಮಾಂಸ ತಿನ್ನುವುದಿಲ್ಲ," ಎಂದೆ.

"ಉಪವಾಸ ಮುಗಿಯಿತಲ್ಲ ಗಾಶೆ! ಇವತ್ತು ತಿನ್ನಬಹುದು."

"ನನ್ನದು ಮುಗಿದಿಲ್ಲ."

"ನಿಮ್ಮದು ಶುರುವಾದದ್ದು ಯಾವಾಗ?"

"ಹುಟ್ಟಿದಾಗ. ಅರವತ್ತೆರಡು ವರ್ಷವಾಯಿತು."

ಅವರು ಅದನ್ನು ಅಜ್ಜಿಗೆ ಅನುವಾದಿಸಿದರು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಏನೋ ಕೇಳಿದರು.

"ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದಾರೆ."

ನನ್ನನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಒಡತಿಯ ಕೈ ನಿಧಾನವಾಗಿ ಕೆಳಗಿಳಿಯಿತು.

"ಹಾಗಾದರೆ ನೀವು ನಮ್ಮ ಜೊತೆ ಉಪವಾಸ ಮಾಡಿದ್ದಲ್ಲ."

"ಅಲ್ಲ."

ಪಕ್ಕದ ಮನೆಯವರು ಹುಲ್ಲನ್ನು ನೋಡತೊಡಗಿದರು. ನಾಳೆ ನನ್ನನ್ನು ರಸ್ತೆ ದಾಟಿಸುವವರು ಯಾರು ಎಂಬ ಕ್ಷುದ್ರ ಯೋಚನೆ ನನಗೆ ಬಂದದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಆಕೆಯ ಮುಖ ನೋಡಲಾಗಲಿಲ್ಲ. ಸುಳ್ಳು ಹೇಳಿದ ರೋಗಿಯನ್ನು ನರ್ಸ್ ನೋಡುವ ಹಾಗಿತ್ತು ಆ ಮುಖ.

ಒಡತಿ ಕೇಳಿದರು: "ಹಾಲು? ನಿಮ್ಮ ದೇವರು ಹಾಲೂ ಬೇಡ ಎನ್ನುತ್ತಾನೆಯೇ?"

"ಇಲ್ಲ. ನಮ್ಮವರಿಗೆ ಹಾಲು, ಮೊಸರು ಇಲ್ಲದೆ ಊಟವೇ ಇಲ್ಲ."

"ಮತ್ತೆ ಯಾಕೆ ಬಿಟ್ಟಿರಿ?"

"ನೀವು ಬಿಟ್ಟಿದ್ದಿರಿ, ಅದಕ್ಕೆ."

ಆಕೆ ಯೋಚಿಸಿದರು. ಕೈಯಲ್ಲಿದ್ದ ತುತ್ತನ್ನು ಅಜ್ಜಿಯ ಬಾಯಿಗಿಟ್ಟರು. ತಟ್ಟೆಯ ಅಂಚಿನಿಂದ ಸಾರು ತಾಕದ ಇಂಜೆರಾ ಹರಿದು, ಪಕ್ಕದ ಬಟ್ಟಲಿನಿಂದ ಹಾಲು ಒಡೆಸಿ ಮಾಡಿದ ಬಿಳಿ ಗಿಣ್ಣನ್ನು ಅದರಲ್ಲಿಟ್ಟು, ಉಂಡೆ ಕಟ್ಟಿದರು. "ಇದು ಮಾತ್ರ ನಮ್ಮ ಜೊತೆ ಬಿಟ್ಟದ್ದು. ಇದನ್ನು ಮುರಿಯಿರಿ," ಎಂದರು.

ಎಲ್ಲ ಸರಿಯೇ. ಆದರೆ ಕಟ್ಟಿದ ಬೆರಳುಗಳು ಐದೂ ಕೋಳಿಸಾರಿನಿಂದ ಕೆಂಪಾಗಿದ್ದವು. ಅದು ನನಗೆ ಕಂಡಿತು, ಅವರಿಗೆ ಹೊಳೆದಿರಲಿಲ್ಲ. ಕೈ ತೊಳೆದು ಬನ್ನಿ ಎಂದು ಹೇಳಬಲ್ಲವನು ಈ ಪುಟ ಬರೆಯುತ್ತಿರಲಿಲ್ಲ. ಬಾಯಿ ತೆರೆದೆ. ಖಾರವಾಗಿತ್ತು.

ಹೆಂಗಸರು ನಾಲಿಗೆ ಆಡಿಸಿ ಮಂಗಳಧ್ವನಿ ಮಾಡಿದರು. ಅರವತ್ತೆರಡು ವರ್ಷದ ಉಪವಾಸ ಮುರಿಯಿತೆಂದೇ ಅವರು ತಿಳಿದಂತಿತ್ತು. ಬಾಗಿಲಲ್ಲಿ ಇನ್ನಿಬ್ಬರು ನೋಡಲು ಬಂದು ನಿಂತರು. ಗುರ್ಶಾ ಒಂದಕ್ಕೇ ನಿಲ್ಲಬಾರದೆಂಬ ಪದ್ಧತಿಯೂ ಇದೆಯಂತೆ; ಅದನ್ನು ಯಾರೂ ನನಗೆ ಮೊದಲೇ ತಿಳಿಸಿರಲಿಲ್ಲ. ಎರಡನೆಯದನ್ನು ಅಜ್ಜಿ ತಾವೇ ಕಟ್ಟಿದರು. ಕಣ್ಣು ಮಂಜಾದ ಅವರು ಅದನ್ನು ತಟ್ಟೆಯ ಯಾವ ಮೂಲೆಯಿಂದ ತೆಗೆದರೋ ತಿಳಿಯದು. ಕೈ ಬಹಳ ನಡುಗುತ್ತಿತ್ತು. ಒಳಗೇನಿದೆ ಎಂದು ಪರೀಕ್ಷಿಸುತ್ತ ಕೂರುವಂತಿರಲಿಲ್ಲ. ನಾನು ಬೇಗ ಬಾಯಿ ತೆರೆಯದಿದ್ದರೆ ಅದು ಅಂಗಿಯ ಮೇಲೆ ಬೀಳುವುದರಲ್ಲಿತ್ತು.