ಕಾಕಾನ ಎರಡು ಗರಗಸಗಳು

1983ರ ಅಕ್ಟೋಬರಿನಲ್ಲಿ, ದಸರೆ ಮುಗಿದ ಮರುವಾರ, ಕಲ್ಯಾಣ–ಶಿಳ್ ರಸ್ತೆಯ ಬದಿಯಲ್ಲಿ ಮರ ಕಡಿಯುತ್ತಿದ್ದ ನನ್ನ ನೆರೆಮನೆಯವರು ಯಂತ್ರದ ಗರಗಸ ತಗುಲಿ ತೀರಿಕೊಂಡರು. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಬರೆದವನು ನಾನೇ. ಆ ಸಾಲುಗಳಲ್ಲಿ ತಪ್ಪೇನೂ ಇರಲಿಲ್ಲ.

ಕಳೆದ ತಿಂಗಳು ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ಪಾಲಿಕೆಯವರು ಗುಲ್‌ಮೊಹರಿನ ಕೊಂಬೆ ಕಡಿಯುತ್ತಿದ್ದರು. ಎಣ್ಣೆ ಬೆರೆಸಿದ ಪೆಟ್ರೋಲು ಸುಟ್ಟ ವಾಸನೆ, ಅದರ ಜೊತೆಗೆ ಹಸಿ ಮರದ ಪುಡಿಯ ವಾಸನೆ, ಎರಡೂ ಕೂಡಿ ಮೂರನೆಯ ಮಾಳಿಗೆಯ ಕಿಟಕಿಯವರೆಗೆ ಬಂದವು. ಒಂದು ಕಾಲದಲ್ಲಿ ದಿನಾ ಸಂಜೆ ಪಕ್ಕದ ಖೋಲಿಯ ಬಾಗಿಲಿನಿಂದ ಬರುತ್ತಿದ್ದ ವಾಸನೆ ಅದು. ಕಿಟಕಿ ಮುಚ್ಚಿದೆ...

ಆಗ ನಾವು ಸ್ಟೇಷನ್ನಿನ ಪೂರ್ವಕ್ಕಿದ್ದ ಒಂದು ಚಾಳಿನಲ್ಲಿದ್ದೆವು. ನಾನು ಉಡುಪಿ ಕಡೆಯವನು, ಪಕ್ಕದ ಖೋಲಿಯವರು ಬಿಜಾಪುರದವರು. ಇಬ್ಬರ ಕನ್ನಡವೂ ಒಬ್ಬರಿಗೊಬ್ಬರಿಗೆ ತಮಾಷೆಯ ವಸ್ತು. ಚಾಳಿನವರೆಲ್ಲ ಕರೆಯುವಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಕಾಕಾ ದೊಡ್ಡ ಆಳು, ದೊಡ್ಡ ದನಿ, ಜಂಬವೂ ದೊಡ್ಡದು. ನಾನು ಕೆಲಸ ಮುಗಿಸಿ ಬಂದರೆ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೇಳುತ್ತಿದ್ದರು: “ಏನ್ರಿ ಪೇಪರ್‌ನವರ, ಇವತ್ತ ಯಾರ್‍ಯಾರನ್ನ ಕೊಂದ್ರಿ?”

ಅವರು ಒಬ್ಬ ಮರದ ಗುತ್ತಿಗೆದಾರನ ಬಳಿ ಮುಖ್ಯ ಕಡಿಯುವವರು. ಠಾಣೆಯಿಂದ ಬೇಲಾಪುರದವರೆಗೆ ಆಗ ಎಲ್ಲೆಲ್ಲೂ ರಸ್ತೆ ಅಗಲವಾಗುತ್ತಿತ್ತು, ಹೊಸ ವಸತಿಗೆ ನೆಲ ಬಯಲಾಗುತ್ತಿತ್ತು. ಕೈಗರಗಸದಲ್ಲಿ ಇಬ್ಬರು ದಿನವಿಡೀ ಕೊಯ್ಯುತ್ತಿದ್ದ ಮರವನ್ನು ಕಾಕಾ ಒಬ್ಬರೇ ಊಟದ ಹೊತ್ತಿಗಿಂತ ಮುಂಚೆ ಕೆಡವುತ್ತಿದ್ದರು. ಅವರ ಹತ್ತಿರ ಇದ್ದದ್ದು ಹೊರದೇಶದ ಹಳೆಯ ಯಂತ್ರ. ಭಾರ, ಉದ್ದ ಉಕ್ಕಿನ ಪಟ್ಟಿ, ಹುಚ್ಚು ಶಕ್ತಿ. ದಪ್ಪ ಬುಡಕ್ಕೆ ಇಟ್ಟರೆ ತಾನೇ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಆದರೆ ಅದರ ನಡುಕ ಕೈಗೆ ಇಳಿಯುತ್ತಿತ್ತು. ಚಳಿ-ಮಳೆಯ ಬೆಳಗಿನಲ್ಲಿ ಕಾಕಾನ ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದವು. ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ; ಕಾಕು ಬಾಗಿಲ ಮರೆಯಲ್ಲಿ ನಿಂತು ಹಾಕುತ್ತಿದ್ದರು. ಅದನ್ನು ಯಾರೂ ನೋಡಬಾರದಿತ್ತು. ಗೋಡೆ ತೆಳುವಾಗಿದ್ದರಿಂದ ನನಗೆ ಗೊತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಗುತ್ತಿಗೆದಾರ ಎರಡನೆಯ ಯಂತ್ರ ತರಿಸಿದ. ಕಾಕಾ ಒಂದು ಭಾನುವಾರ ನನ್ನನ್ನು ಕಲ್ಯಾಣದ ಖಾಡಿ ದಡದ ಮರದ ವಖಾರಿಗೆ ಕರೆದುಕೊಂಡು ಹೋದರು. ಮಾರುವ ಅಂಗಡಿಯ ಮನುಷ್ಯ ಬಂದಿದ್ದ. ಒಂದೇ ದಿಮ್ಮಿಯನ್ನು ಎರಡೂ ಯಂತ್ರದಲ್ಲಿ ಕೊಯ್ಯಿಸಿದರು. ಹಳೆಯದು ಮೊದಲು ಮುಗಿಸಿತು. ಹೊಸದು ಸ್ವಲ್ಪ ಹಿಂದೆ ಬಿತ್ತು, ಆದರೆ ಹಗುರ. ಹಿಡಿಗಳ ಕೆಳಗೆ ರಬ್ಬರ್ ಇದ್ದದ್ದರಿಂದ ಕೈ ಜೋಮು ಹಿಡಿಯುತ್ತಿರಲಿಲ್ಲ. ಸೊಂಟದ ಎತ್ತರದಲ್ಲಿ ಅಡ್ಡ ಕೊಂಬೆ ಕಡಿಯಲು ಅದನ್ನು ತಿರುಗಿಸುವುದು ಸುಲಭ ಎಂದು ಕಾಕಾ ಕೂಡ ಒಪ್ಪಿದರು. ಒಪ್ಪಿದ ಕೂಡಲೇ “ಹೆಣ್ಮಕ್ಕಳ ಹೊಲಿಗಿ ಮಶಿನ್ ಇದ್ದಂಗೈತಿ” ಎಂದೂ ಸೇರಿಸಿದರು. ಎಲ್ಲರೂ ನಕ್ಕರು.

ಆಮೇಲೆ ಅಂಗಡಿಯವನು ಇನ್ನೊಂದು ತೋರಿಸಿದ. ಪಟ್ಟಿಯ ಸುತ್ತ ಹಲ್ಲಿನ ಸರಪಳಿ ಓಡುತ್ತಿರುವಾಗ ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ, ಸರಪಳಿ ಕೊಯ್ಯುವುದಿಲ್ಲ, ಕಚ್ಚಿಕೊಳ್ಳುತ್ತದೆ. ಆಗ ಇಡೀ ಯಂತ್ರ ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಕಡಿಯುವವರು ಇದನ್ನು ‘ಲಾತ್’ ಎನ್ನುತ್ತಿದ್ದರು, ಕುದುರೆಯ ಒದೆತದಂತೆ. ಹಳೆಯ ಯಂತ್ರದಲ್ಲಿ ಇದಕ್ಕೆ ಉಪಾಯವಿರಲಿಲ್ಲ. ಹೊಸದರಲ್ಲಿ ಮುಂದಿನ ಹಿಡಿಯ ಎದುರು ಒಂದು ಕಪ್ಪು ಕೈಗಾವಲು ಇತ್ತು. ಯಂತ್ರ ಚಿಮ್ಮಿದರೆ ಹಿಡಿದವನ ಮಣಿಕಟ್ಟು ಆ ಕಾವಲಿಗೆ ಬಡಿಯುತ್ತದೆ, ಕಾವಲು ಮುಂದಕ್ಕೆ ಬೀಳುತ್ತದೆ, ಸರಪಳಿ ಅಲ್ಲೇ ನಿಲ್ಲುತ್ತದೆ. ಅವನು ಯಂತ್ರ ಓಡಿಸಿ ಕಾವಲನ್ನು ಮಣಿಕಟ್ಟಿನಿಂದ ತಳ್ಳಿ ತೋರಿಸಿದ. ಟಕ್ ಎಂದು ನಿಂತಿತು. ವಖಾರಿನಲ್ಲಿ ಯಾರೂ ನಗಲಿಲ್ಲ.

ಕಾಕಾ ಹಳೆಯದನ್ನೇ ಇಟ್ಟುಕೊಳ್ಳುವ ಮನಸ್ಸಿನಲ್ಲಿದ್ದರು. ನಾನು ಚಾಳಿಗೆ ಬಂದು ಕಂಡದ್ದನ್ನು ಹೇಳಿದಾಗ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು. ಅವರ ಅಣ್ಣನೊಬ್ಬ ಊರಲ್ಲಿ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಸತ್ತಿದ್ದ. ಯಂತ್ರ ಅಂದರೆ ಅವರಿಗೆ ನಂಬಿಕೆಯಿರಲಿಲ್ಲ. ಆ ವಾರ ಗೋಡೆಯ ಆಚೆ ಜಗಳ ನಡೆಯಿತು. ಕೊನೆಗೆ ಗೆದ್ದದ್ದು ಕಾಕು. ಮಳೆಗಾಲದಿಂದ ಕಾಕಾ ಹೊಸ ಯಂತ್ರವನ್ನೇ ಒಯ್ಯತೊಡಗಿದರು. ಬೆರಳುಗಳಿಗೆ ಬಣ್ಣ ಮರಳಿತು. ಕಾಕು ಬಾವಿಕಟ್ಟೆಯಲ್ಲಿ ನನ್ನ ಹೆಂಡತಿಗೆ ಹೇಳಿದರಂತೆ, ಈಗ ಸಂಜೆಯಾದರೆ ರಸ್ತೆ ನೋಡುವ ಸಂಕಟವಿಲ್ಲ ಎಂದು.

ಖಂಡೇನವಮಿಗೆ ಬಿಜಾಪುರದ ಕಡೆ ದುಡಿಯುವ ಹತಾರಗಳಿಗೆಲ್ಲ ಪೂಜೆ. ಕಾಕು ಯಂತ್ರವನ್ನು ಒರೆಸಿ, ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಅರಿಸಿನ ಕೊಂಬು ಕಟ್ಟಿದ ಕೆಂಪು ದಾರವನ್ನು ಹಿಡಿಗೆ ಸುತ್ತಿದರು. ಗಂಡನನ್ನು ಕಾಯಬೇಕಾದ್ದು ಆ ಕಪ್ಪು ಕಾವಲು ಎಂದು ಅವರಿಗೆ ಗೊತ್ತಿತ್ತು. ಅದಕ್ಕೂ ಸೇರಿಸಿ ಸುತ್ತಿದರು, ಗಟ್ಟಿಯಾಗಿ, ಗಂಟಿನ ಮೇಲೆ ಗಂಟು ಹಾಕಿ. ಹಾಗೆ ಕಟ್ಟಿದ ಕಂಕಣವನ್ನು ಅವರಲ್ಲಿ ಕತ್ತರಿಸುವುದಿಲ್ಲ. ಸವೆದು ತಾನಾಗಿ ಬೀಳಬೇಕು. ನಮ್ಮ ಮನೆಗೂ ಹೋಳಿಗೆ ಬಂತು. ಯಂತ್ರವನ್ನು ನಾನು ನೋಡಲಿಲ್ಲ.

ಇದಿಷ್ಟೂ ನನಗೆ ತಿಳಿದದ್ದು ಕಾಕಾ ತೀರಿಕೊಂಡ ದಿನ, ಕಾಕಾನ ಜೊತೆ ಹಗ್ಗ ಹಿಡಿಯುತ್ತಿದ್ದ ಗುಲ್ಬರ್ಗದ ಜೋಡಿದಾರನಿಂದ. ಅವನು ದಾರ ಕಂಡು ಹೇಳಿದ್ದನಂತೆ, ಕಾವಲು ಅಲುಗಾಡುತ್ತಿಲ್ಲ, ಬಿಚ್ಚೋಣ ಎಂದು. ಕಾಕಾ ಪೆಟ್ರೋಲು ಎಷ್ಟಿದೆಯೆಂದು ಯಂತ್ರವನ್ನು ಕಿವಿಯ ಹತ್ತಿರ ಎತ್ತಿ ಅಲ್ಲಾಡಿಸಿ ನಕ್ಕರಂತೆ. “ಬಿಡೋ ಮಾರಾಯಾ. ಹೆಂಡ್ತಿ ಕಟ್ಟಿದ್ದು ಬ್ರೇಕಿಗಿಂತ ಗಟ್ಟಿ ಇರ್ತೈತಿ.”

ಅಂದು ಮಧ್ಯಾಹ್ನ ಬಿದ್ದ ಮರದ ಕೊಂಬೆ ಸವರುತ್ತಿದ್ದಾಗ ಎಲೆಗಳ ಹಿಂದಿದ್ದ ಮೋಟು ಕೊಂಬೆಯೊಂದು ಪಟ್ಟಿಯ ಮೂತಿಗೆ ತಾಗಿತು. ಯಂತ್ರ ಚಿಮ್ಮಿತು. ಮಣಿಕಟ್ಟು ಕಾವಲಿಗೆ ಬಡಿದ ಗುರುತು ಕಾಕಾನ ಎಡಗೈ ಮೇಲಿತ್ತು. ಕಾವಲು ಬಿದ್ದಿರಲಿಲ್ಲ. ಆಸ್ಪತ್ರೆಗೆ ಒಯ್ಯುವ ಟೆಂಪೋ ರೈಲ್ವೆ ಗೇಟಿನಲ್ಲಿ ನಿಂತಿದ್ದಾಗ ಅವರು ಹೋದರು.

ಮಣ್ಣು ಕೊಟ್ಟು ಬಂದ ಮೇಲೆ ಚಾಳಿನ ಗಂಡಸರು ಕಟ್ಟೆಯ ಮೇಲೆ ಕೂತಿದ್ದೆವು. ಕಾಕು ಒಳಗಿನಿಂದ ಎದ್ದು ಬಂದು ಜೋಡಿದಾರನ ಎದುರು ನಿಂತರು. ಅತ್ತು ಮುಗಿದಿತ್ತು. ದನಿ ಸಹಜವಾಗಿತ್ತು.

“ತಮ್ಮಾ, ಅದು ನಿಲ್ತೈತಿ ಅಂದಿದ್ರಲ್ಲ. ಯಾಕ ನಿಲ್ಲಲಿಲ್ಲ?”

ಅವನು ನನ್ನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

“ಒಂದೊಂದ್ ಸಲ ನಿಲ್ಲೂದಿಲ್ಲ, ಕಾಕು.”

“ಹಳೇದ ಇದ್ದಿದ್ರ?”

“ಅದಂತೂ ನಿಲ್ತಿದ್ದಿಲ್ಲ ಬಿಡ್ರಿ.”

ಕಾಕು ತಲೆಯಾಡಿಸಿ ಒಳಗೆ ಹೋದರು.

ತಿಂಗಳೊಳಗೆ ಅವರ ತಮ್ಮ ಬಂದು ಇಂಡಿ ತಾಲ್ಲೂಕಿನ ಊರಿಗೆ ಕರೆದುಕೊಂಡು ಹೋದ. ಶಿಳ್ ರಸ್ತೆಯ ಉಳಿದ ಮರಗಳನ್ನು ಅದೇ ಯಂತ್ರದಿಂದ ಕಡಿದು ಮುಗಿಸಿದರು. ಈಗ ಅಲ್ಲಿ ನೆರಳಿಲ್ಲ. ಆ ಮರ ಇದ್ದ ಜಾಗ ಯಾವುದೆಂದು ಬಸ್ಸಿನಿಂದ ನನಗೆ ಗುರುತು ಹತ್ತುವುದಿಲ್ಲ...

ಕಿಟಕಿ ಮುಚ್ಚಿದ ಆ ದಿನ ಸಂಜೆ ಜೋಡಿದಾರನಿಗೆ ಫೋನ್ ಮಾಡಿದೆ. ಅವನು ಈಗ ಕಳಂಬೋಲಿಯಲ್ಲಿ ಮಗನ ಮನೆಯಲ್ಲಿದ್ದಾನೆ, ಕಿವಿ ಸರಿಯಾಗಿ ಕೇಳುವುದಿಲ್ಲ. ಮಾತು ಅವನ ಸೊಸೆಯ ಮೂಲಕ ನಡೆಯಿತು, ಹಿಂದಿಯಲ್ಲಿ. ಕಳೆದ ಚಳಿಗಾಲದಲ್ಲಿ ಕಾಕು ಊರಲ್ಲೇ ತೀರಿಕೊಂಡರಂತೆ. ಅವರು ಸಾಯುವ ಮುಂಚೆ ಅವನು ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದ. ಕಾಕು ಅದೇ ಪ್ರಶ್ನೆ ಕೇಳಿದರಂತೆ. ಅವನು ಅದೇ ಉತ್ತರ ಕೊಟ್ಟನಂತೆ.